ವಿಯೆಟ್ನಾಂಗೆ ಹೊರಟಿದ್ದೇವೆ, ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಏನೇನು ನೋಡಲಿ?

ಪ್ರಶ್ನೆ: ಪೊನ್ನಂಪೇಟೆ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ಹತ್ತಿರ ನಮ್ಮದು ಸಣ್ಣ ತೋಟ. ಜೊತೆಗೆ ನಾನು ಮನೆಯಲ್ಲೇ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕೊಡಗಿನ ಕಪ್ಪು ಹುಳಿ), ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ, ಕಿತ್ತಳೆ ಮಾರ್ಮಲೇಡ್ ಮಾಡಿ ಬಾಟಲಿಗೆ ತುಂಬಿ ಗೋಣಿಕೊಪ್ಪ, ಮಡಿಕೇರಿಯ ಕೆಲವು ಅಂಗಡಿಗಳಿಗೆ ಕೊಡುತ್ತೇನೆ. ಈ ವರ್ಷ ಕಾಫಿ ಹೂ ಅರಳಿಸುವ ಹೂಮಳೆ, ಅದಾದ ಮೇಲೆ ಬರಬೇಕಾದ ಮಳೆ ಎರಡೂ ಸಮಯಕ್ಕೆ ಬಂತು. ತೋಟದಲ್ಲಿ ಸ್ವಲ್ಪ ಬಿಡುವು. ಮೇ ತಿಂಗಳಲ್ಲಿ ನಾನೂ ಯಜಮಾನರೂ ಒಂದು ಗ್ರೂಪ್ ಟೂರ್‌ನಲ್ಲಿ ವಿಯೆಟ್ನಾಂಗೆ ಹೋಗುತ್ತಿದ್ದೇವೆ. ಹೋ ಚಿ ಮಿನ್ ಸಿಟಿ, ದನಾಂಗ್, ಹನೋಯ್.

ನೋಡುವ ಜಾಗಗಳ ಪಟ್ಟಿ ಟೂರ್‌ನವರೇ ಕೊಟ್ಟಿದ್ದಾರೆ. ನಾನು ಕೇಳುತ್ತಿರುವುದು ಅಲ್ಲಿನ ಸೂಪರ್‌ಮಾರ್ಕೆಟ್ ಬಗ್ಗೆ.

ಹೊರದೇಶಕ್ಕೆ ಹೋದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವ ಜಾಗ ಅದು. ದೊಡ್ಡ ದೊಡ್ಡ ಕಟ್ಟಡ ನೋಡಲು ಹೋದರೆ ಅಕ್ಕಪಕ್ಕ ನಿಂತವರೂ ನಮ್ಮಂತೆ ಪ್ರವಾಸಿಗರೇ. ಸಂಜೆ ಏಳು ಗಂಟೆಗೆ ಸೂಪರ್‌ಮಾರ್ಕೆಟ್‌ಗೆ ಹೋಗಿ ನೋಡಿ. ಆಫೀಸ್ ಮುಗಿಸಿ ಬಂದವರು ಇರುತ್ತಾರೆ. ಮಗುವನ್ನು ಟ್ರಾಲಿಯಲ್ಲಿ ಕೂರಿಸಿಕೊಂಡವರು ಇರುತ್ತಾರೆ. ಒಬ್ಬ ಅಜ್ಜಿ ಬದನೆಕಾಯಿಯ ತೊಟ್ಟು ಒತ್ತಿ ನೋಡಿ ವಾಪಸ್ ಇಡುತ್ತಿರುತ್ತಾರೆ. ಆ ಊರಿನವರು ಇವತ್ತು ರಾತ್ರಿ ಏನು ಉಣ್ಣುತ್ತಾರೆ ಅಂತ ಕಣ್ಣೆದುರೇ ಗೊತ್ತಾಗುತ್ತದೆ.

ಸಿಂಗಾಪುರಕ್ಕೆ ಹೋಗಿದ್ದಾಗ ನಮ್ಮ ಹೋಟೆಲಿನ ಎದುರಿಗೇ ಫೇರ್‌ಪ್ರೈಸ್ ಇತ್ತು. ಅದು ಅಲ್ಲಿನ ಕಾರ್ಮಿಕ ಸಂಘಟನೆ 1973ರಲ್ಲಿ ಶುರು ಮಾಡಿದ ಸಹಕಾರಿ ಅಂಗಡಿಯಂತೆ, ಈಗ ಊರ ತುಂಬಾ ಇದೆ. ಅಲ್ಲಿನ ಹಂದಿ ಮಾಂಸದ ವಿಭಾಗದಲ್ಲಿ ನಾನು ನಿಂತೇಬಿಟ್ಟೆ. ಚರ್ಮ ಸಮೇತ ಹೊಟ್ಟೆಯ ಭಾಗ ಒಂದು ಟ್ರೇ, ಪಕ್ಕೆಲುಬು ಒಂದು ಟ್ರೇ, ಕಾಲು ಬೇರೆ, ಸೂಪಿಗೆ ಅಂತಲೇ ಮೂಳೆ ಬೇರೆ. ಪಂದಿಕರಿಗೆ ಚರ್ಮ, ಕೊಬ್ಬು ಇರುವ ತುಂಡು ಬೇಕು ಅಂತ ಬೇರೆ ಊರಿನ ಮಾಂಸದಂಗಡಿಯಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇವೋ! ಇಲ್ಲಿ ಕೇಳುವುದೇ ಬೇಡ, ಎಲ್ಲ ಜೋಡಿಸಿಟ್ಟಿದ್ದಾರೆ. ಅದರ ಹತ್ತಿರವೇ ಬಕ್ ಕುಟ್ ತೆ ಅನ್ನುವ ಸಾರಿನ ಪೊಟ್ಟಣ. ಒಳಗೆ ಮಸಾಲೆ ತುಂಬಿದ ಸಣ್ಣ ಸಣ್ಣ ಚೀಲ. ಪಕ್ಕೆಲುಬು, ಸಿಪ್ಪೆ ಬಿಡಿಸದ ಬೆಳ್ಳುಳ್ಳಿ, ಈ ಚೀಲ ಎಲ್ಲ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು. ಸಿಂಗಾಪುರದವರ ಕೈಯಲ್ಲಿ ಅದು ಬಿಳಿ ಕಾಳುಮೆಣಸಿನ ಖಾರದ ತಿಳಿ ಸಾರು. ಹಂದಿಯೂ ಮೆಣಸೂ ನಮ್ಮ ಮನೆಯಲ್ಲೂ ಇವೆ. ನಾವು ಮಸಾಲೆ ಕಪ್ಪಗೆ ಹುರಿದು ಕಾಚಂಪುಳಿ ಹಾಕುತ್ತೇವೆ. ಅದೇ ಎರಡು ಪದಾರ್ಥದಲ್ಲಿ ಅವರು ಇಷ್ಟು ತಿಳಿಯಾದ ಸಾರು ಮಾಡುತ್ತಾರಲ್ಲ ಅಂತ ಅಲ್ಲೇ ನಿಂತು ಪೊಟ್ಟಣದ ಹಿಂದಿನದೆಲ್ಲ ಓದಿದೆ.

ಶ್ರೀಲಂಕಾದಲ್ಲಿ ಇನ್ನೂ ಆಶ್ಚರ್ಯ. ಕೊಲಂಬೊದ ಸೂಪರ್‌ಮಾರ್ಕೆಟ್‌ನಲ್ಲಿ ಚೆಕ್ಕೆ, ಲವಂಗದ ಸಾಲಿನಲ್ಲೇ ಕಪ್ಪಗೆ ಒಣಗಿದ ಹುಳಿ ಹೋಳುಗಳ ಪೊಟ್ಟಣ ತೂಗುಹಾಕಿದ್ದರು. ಗೊರಕ. ನಮ್ಮ ಕಾಚಂಪುಳಿಯ ಹಣ್ಣೇ ಅದು, ಗಾರ್ಸೀನಿಯಾ ಗಮ್ಮಿಗುಟ್ಟಾ. ಮಳೆಗಾಲದಲ್ಲಿ ನಾವು ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಮಂದ ಮಾಡುತ್ತೇವೆ. ಅವರು ಹೋಳು ಒಣಗಿಸಿ ಅರೆದು ಮೀನಿಗೆ ಹಚ್ಚುತ್ತಾರೆ. ಅಂಬುಲ್ ತಿಯಲ್ ಅನ್ನುವ ಆ ಮೀನು ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲ. ಹುರಿದ ಮಸಾಲೆ, ಮೆಣಸು, ಗೊರಕ ಹಾಕಿ ಕಪ್ಪು ಹಂದಿಕರಿಯನ್ನೂ ಮಾಡುತ್ತಾರೆ. ನಮ್ಮ ಪಂದಿಕರಿಗೆ ಸಮುದ್ರದ ಆಚೆ ನೆಂಟರಿದ್ದಾರೆ ಅಂತ ನನಗೆ ಹೇಳಿಕೊಟ್ಟದ್ದು ಆ ಶೆಲ್ಫೇ.

ನಮ್ಮ ಟೂರ್‌ನಲ್ಲಿ ಬರುವವರಿಗೆ ಇದೆಲ್ಲ ಹೇಳಿದರೆ, “ಅಷ್ಟು ದುಡ್ಡು ಕೊಟ್ಟು ಹೋಗಿ ದಿನಸಿ ಅಂಗಡಿ ನೋಡುವುದಾ?” ಅನ್ನುತ್ತಾರೆ. ಯಜಮಾನರು ಏನೂ ಅನ್ನುವುದಿಲ್ಲ, ಬಾಗಿಲ ಹತ್ತಿರ ಬೆಂಚ್ ಹುಡುಕಿಕೊಳ್ಳುತ್ತಾರೆ. ವಿಯೆಟ್ನಾಂ ಅಂದರೆ ಕಾಫಿ, ಕಾಳುಮೆಣಸು ಎರಡರಲ್ಲೂ ನಮ್ಮ ಎದುರಾಳಿ ದೇಶ. ಹಾಗಾಗಿ ಈ ಸಲ ಸುಮ್ನೆ ಸುತ್ತಾಡಿ ಬರಲು ಮನಸ್ಸಿಲ್ಲ. ಯಾವ ಶೆಲ್ಫ್ ಬಿಡಬಾರದು? ಲೇಬಲ್‌ನಲ್ಲಿ ಏನು ನೋಡಬೇಕು? ಏನನ್ನು ತರಬಹುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಸಿದ್ದಾಪುರದ ಬೆಳೆಗಾರ

ಅಕ್ಕ, ಯಾರು ಏನೇ ಹೇಳಲಿ, ಹೋಗಿಯೇ ಬನ್ನಿ. ನಾನು ರೊಬಸ್ಟಾ ಜಾತಿಯ ಕಾಫಿ ಬೆಳೆಯುವವನು. ಯಾವ ದೇಶಕ್ಕೆ ಹೋದರೂ ನನ್ನ ಕಾಲು ಮೊದಲು ಹೋಗುವುದು ಕಾಫಿ ಶೆಲ್ಫ್ ಕಡೆಗೆ.

ನಾವು ಚೆರಿ, ಅಂದರೆ ಕಾಫಿ ಹಣ್ಣು, ಒಣಗಿಸಿ ಚೀಲ ಕಟ್ಟುತ್ತೇವೆ, 50 ಕೆಜಿಗೆ ಎಷ್ಟು ಅಂತ ರೇಟು ಕೇಳುತ್ತೇವೆ, ಲಾರಿಗೆ ಹಾಕುತ್ತೇವೆ. ಅಲ್ಲಿಗೆ ನಮ್ಮ ಪಾಲಿನ ಕಾಫಿ ಮುಗಿಯಿತು. ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ದಾಟಿದ ಮೇಲೆ ಅದು ಏನಾಗುತ್ತದೆ ಅಂತ ನಮ್ಮಪ್ಪ ಕೊನೆಯವರೆಗೂ ಕಣ್ಣಾರೆ ನೋಡಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು, ಅದರಲ್ಲಿ ರೊಬಸ್ಟಾನೇ ಜಾಸ್ತಿ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವ ದೇಶ ಇಟಲಿ. ಹಾಗಾಗಿ ಮಗಳು ಟುರಿನ್‌ನಲ್ಲಿ ಓದುತ್ತಿದ್ದಾಗ ಅವಳನ್ನು ನೋಡಲು ಹೋದವನು ಸೂಪರ್‌ಮಾರ್ಕೆಟ್‌ಗೆ ಹೋಗದೆ ಇರುವುದು ಹೇಗೆ?

ಲವಾಝ ಕಂಪನಿ 1895ರಲ್ಲಿ ಅದೇ ಊರಿನಲ್ಲಿ ಒಂದು ದಿನಸಿ ಅಂಗಡಿಯಾಗಿ ಶುರುವಾದದ್ದು. ಶೆಲ್ಫ್ ತುಂಬಾ ಕಾಲು ಕೆಜಿ ಪ್ಯಾಕೆಟ್‌ಗಳು. ಒಳಗಿನ ಗಾಳಿಯೆಲ್ಲ ತೆಗೆದಿರುತ್ತಾರೆ, ಕೈಗೆ ತೆಗೆದುಕೊಂಡರೆ ಇಟ್ಟಿಗೆ ಹಿಡಿದ ಹಾಗೆ. ಕೆಂಪು ಪ್ಯಾಕೆಟ್‌ನಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಜಾತಿಯ ಕಾಫಿ ಬೆರೆತಿವೆ. ಚಿನ್ನದ ಬಣ್ಣದ್ದು ಪೂರ್ತಿ ಅರೇಬಿಕಾ. ಎಸ್ಪ್ರೆಸ್ಸೊ ಮೇಲೆ ದಪ್ಪಗೆ ಕಂದು ನೊರೆ ನಿಲ್ಲಬೇಕಾದರೆ ರೊಬಸ್ಟಾ ಬೇಕು. ನಮ್ಮ ಕಾಫಿಗೆ ಅಲ್ಲಿ ಬೇಡಿಕೆ ಇರುವುದೇ ಅದಕ್ಕೆ. ನಾನು ಒಂದೊಂದೇ ಪ್ಯಾಕೆಟ್ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೊಡಗು ಅನ್ನುವ ಮಾತಿರಲಿ, ನಾನು ನೋಡಿದವುಗಳ ಮೇಲೆ ಇಂಡಿಯಾ ಅಂತಲೂ ಇರಲಿಲ್ಲ. ತುಂಬಾ ಬೇಜಾರಾಯಿತು.

ಇನ್ನೊಂದು ವಿಷಯ. ಕಾಡು ಕಡಿದು ಬೆಳೆದದ್ದಲ್ಲ ಅಂತ ತೋರಿಸಲು ಕಾಫಿ ಬೆಳೆದ ಜಾಗದ ಗುರುತು ಕೊಡಬೇಕು ಅಂತ ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿ ಮುಂದಕ್ಕೆ ಹೋಗುತ್ತಲೇ ಬಂದಿದೆ. ಆದರೂ ಕಾಫಿ ಬೋರ್ಡ್‌ನವರು ಬೆಳೆಗಾರರಿಂದ ನೋಂದಣಿ ಮಾಡಿಸುತ್ತಿದ್ದಾರೆ. ನನ್ನ ತೋಟದ ಮೂಲೆ ಮೂಲೆ ಅವರ ಲೆಕ್ಕಕ್ಕೆ ಬೇಕು. ಸರಿ, ಕೊಡೋಣ. ಹಾಗಾದರೆ ಕಾಫಿ ಕುಡಿಯುವವರಿಗೂ ಅದನ್ನು ಪ್ಯಾಕೆಟ್ ಮೇಲೆ ಒಂದು ಸಾಲಿನಲ್ಲಿ ಹೇಳಬಹುದಲ್ವಾ?

ಹೇಳಿದರೆ ಹೇಗಿರುತ್ತದೆ ಅಂತ ಜಪಾನಿನಲ್ಲಿ ನೋಡಿದೆ. ಅಲ್ಲಿ ಅಕ್ಕಿ ಚೀಲದ ಮೇಲೆ ಯಾವ ತಳಿ, ಯಾವ ಪ್ರಾಂತ್ಯ, ಯಾವ ವರ್ಷದ ಬೆಳೆ, ಗಿರಣಿಯಲ್ಲಿ ಯಾವಾಗ ಮಾಡಿಸಿದ್ದು ಎಲ್ಲ ಬರೆದಿರುತ್ತದೆ. ಕೆಲವು ಕಡೆ ತರಕಾರಿಯ ಪಕ್ಕ ಬೆಳೆದವರ ಫೋಟೋ ಕೂಡ. ಒಂದು ಕಟ್ಟು ಸೊಪ್ಪಿನ ಮೇಲೆ ಟೋಪಿ ಹಾಕಿದ ಮುದುಕರೊಬ್ಬರು ನಗುತ್ತಿದ್ದರು. ನಮ್ಮ ಕಡೆ ಗದ್ದೆ ಮಾಡುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಇನ್ನೂ ಮಾಡುತ್ತಿರುವವರ ಫೋಟೋ ಹೀಗೆ ಅಕ್ಕಿ ಚೀಲದ ಮೇಲೆ ಬಂದರೆ ಅವರಿಗೆ ಎಷ್ಟು ಹುರುಪು ಬಂದೀತು! ಅಕ್ಕ, ನೀವು ಬಾಟಲಿ ಮಾಡುವವರು. ನಿಮ್ಮ ಕಾಚಂಪುಳಿಯ ಲೇಬಲ್‌ನಲ್ಲಿ ಹಣ್ಣು ಯಾವ ಊರಿನದು, ಯಾವ ತಿಂಗಳು ಕಾಯಿಸಿದ್ದು ಅಂತ ದಯವಿಟ್ಟು ಹಾಕಿ.

ಈಗ ವಿಯೆಟ್ನಾಂ. ರೊಬಸ್ಟಾದಲ್ಲಿ ಜಗತ್ತಿಗೇ ಮೊದಲನೆಯವರು ಅವರು. ಒಟ್ಟು ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ. ದಾಕ್ ಲಾಕ್ ಪ್ರಾಂತ್ಯದಲ್ಲಿ ಬರ ಬಂದರೆ ಲಂಡನ್ ಟರ್ಮಿನಲ್ (ಅಲ್ಲಿನ ಕಾಫಿ ವಾಯಿದೆ ಮಾರುಕಟ್ಟೆ) ರೇಟು ಮೇಲೇರುತ್ತದೆ, ಆ ರೇಟು ಸಿದ್ದಾಪುರಕ್ಕೆ ಬರಲು ಒಂದು ದಿನವೂ ಬೇಡ. 2024ರಲ್ಲಿ ಎಲ್ಲರೂ ನೋಡಿದ್ದೇವೆ. ಅಲ್ಲಿನ ಕಾಫಿ ಶೆಲ್ಫ್‌ನಲ್ಲಿ ಎರಡು ಭಾಗ ಮಾಡಿಕೊಂಡು ನೋಡಿ. ಒಂದು ಕಡೆ ಸಕ್ಕರೆ, ಹಾಲಿನ ಪುಡಿ ಎಲ್ಲ ಸೇರಿದ ಇನ್‌ಸ್ಟಂಟ್ ಪೊಟ್ಟಣಗಳು, ಅವೇ ಜಾಸ್ತಿ. ಇನ್ನೊಂದು ಕಡೆ ಫಿನ್ ಅನ್ನುವ ಅವರ ಸಣ್ಣ ಫಿಲ್ಟರಿಗೆ ಹಾಕುವ ಪುಡಿ. ಅದರ ಪದಾರ್ಥಗಳ ಪಟ್ಟಿ ಬಿಡದೆ ಓದಿ. ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುವ ಪದ್ಧತಿ ಅಲ್ಲಿದೆ, ಆ ದಟ್ಟ ಬಣ್ಣ, ಪರಿಮಳ ಬರುವುದು ಅದರಿಂದಲೂ ಹೌದು. ನಮ್ಮಲ್ಲಿ ಪುಡಿಗೆ ಚಿಕೋರಿ ಸೇರಿಸುತ್ತಾರೆ, ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು, 49 ಶೇಕಡಾ ದಾಟುವಂತಿಲ್ಲ. ರೊಬಸ್ಟಾದ ಕಹಿ ತಗ್ಗಿಸಿ ಕುಡಿಯಲು ಒಂದೊಂದು ದೇಶ ಒಂದೊಂದು ದಾರಿ ಕಂಡುಕೊಂಡಿದೆ. ಅವರು ಕಂಡೆನ್ಸ್ಡ್ ಹಾಲು ಹಾಕಿಕೊಂಡರು.

ಕೈಮುಗಿದು ಕೇಳುವುದು ಒಂದೇ. ಹುರಿದ ಪುಡಿ ಎಷ್ಟು ಬೇಕಾದರೂ ತನ್ನಿ. ಹಸಿ ಬೀಜ, ಮೆಣಸಿನ ಬಳ್ಳಿ, ಗಿಡ, ಮಣ್ಣು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತರಬೇಡಿ. ಕಾಫಿ ಬೀಜ ಕೊರೆಯುವ ಕಾಯಿಕೊರಕ ಹುಳು ನಮ್ಮ ದೇಶದ್ದಲ್ಲ, ಆಫ್ರಿಕಾ ಮೂಲದ್ದು. 1990ರಲ್ಲಿ ಗೂಡಲೂರಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ಕೊಡಗಿಗೂ ಬಂತು. ಕೊಯ್ಲು ಮುಗಿದ ಮೇಲೆ ಗಿಡದ ಕೆಳಗೆ ಬಿದ್ದ ಒಂದೊಂದು ಕಾಯಿಯನ್ನೂ ಆರಿಸುವ ಕೆಲಸ ನಮಗೆ ಅವತ್ತು ಅಂಟಿದ್ದು ಇವತ್ತಿಗೂ ಬಿಟ್ಟಿಲ್ಲ.

ಉತ್ತರ: ವಿರಾಜಪೇಟೆಯಿಂದ ಜರ್ಮನಿಗೆ

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹೊಸದಾಗಿ ಬಂದಾಗ ಭಾಷೆ ಸರಿಯಾಗಿ ಬರುತ್ತಿರಲಿಲ್ಲ, ಮಾತಾಡುವವರು ಇರಲಿಲ್ಲ. ಡ್ಯೂಟಿ ಮುಗಿಸಿ ಸೂಪರ್‌ಮಾರ್ಕೆಟ್‌ಗೆ ಹೋಗಿ ಒಂದೊಂದು ಸಾಲೂ ನಿಧಾನಕ್ಕೆ ನೋಡುತ್ತಾ ಹೋಗುವುದು ನನಗೆ ದೊಡ್ಡ ಸಮಾಧಾನ ಆಗಿತ್ತು. ಅಕ್ಕ ಹೇಳಿದ್ದು ಓದಿ ಅದೇ ನೆನಪಾಯಿತು.

ಬೆಳೆಗಾರ ಅಣ್ಣ ಕೇಳಿದ ವಿಷಯ ಇಲ್ಲಿ ಮೊಟ್ಟೆಗೆ ಇದೆ. ಪ್ರತಿ ಮೊಟ್ಟೆಯ ಮೇಲೂ ಕೆಂಪು ಅಕ್ಷರದಲ್ಲಿ ಒಂದು ಸಂಖ್ಯೆ ಒತ್ತಿರುತ್ತಾರೆ. 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಬಿಟ್ಟು ಸಾಕಿದ ಕೋಳಿ, 2 ಅಂದರೆ ಕೊಟ್ಟಿಗೆಯೊಳಗೆ ಬಿಟ್ಟದ್ದು, 3 ಅಂದರೆ ಪಂಜರದ್ದು. ಆಮೇಲೆ ದೇಶದ ಗುರುತು, ಕೋಳಿ ಫಾರಂನ ನಂಬರ್. ಒಂದು ಮೊಟ್ಟೆಗೆ ಇಷ್ಟು ಮಾಡುವವರು ಕಾಫಿಗೂ ಮಾಡಬಹುದು. ಅಂದ ಹಾಗೆ, ಇಲ್ಲಿ ಹುರಿದ ಕಾಫಿಗೆ ಪ್ರತ್ಯೇಕ ತೆರಿಗೆಯೇ ಇದೆ, ಕೆಜಿಗೆ 2.19 ಯೂರೋ.

ಯುರೋಪ್ ಕಡೆ ಬರುವವರಿಗೆ ಎರಡು ಮಾತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ, ಅಂಗಡಿಯ ಮೆಷಿನ್‌ಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ. ಸ್ವೀಡನ್‌ಗೆ ಹೋದರೆ ಬೇಕಿಂಗ್ ಶೆಲ್ಫ್ ನೋಡಿ. ಏಲಕ್ಕಿ ಕಾಳು ಬೇರೆ, ಜಜ್ಜಿದ್ದು ಬೇರೆ, ನುಣ್ಣಗೆ ಪುಡಿ ಮಾಡಿದ್ದು ಬೇರೆ. ಅವರ ಬನ್‌ಗೆ ಏಲಕ್ಕಿ ಬೇಕೇ ಬೇಕು. ಅಷ್ಟು ಚಳಿಯ ದೇಶದಲ್ಲಿ ಆ ಪರಿಮಳ ಬಂದಾಗ ನನಗೆ ಮನೆಯ ಅಟ್ಟದಲ್ಲಿ ಏಲಕ್ಕಿ ಇಟ್ಟ ಡಬ್ಬ ನೆನಪಾಗಿ ಅಳು ಬಂದಿತ್ತು.

ಉತ್ತರ: ನಾಪೋಕ್ಲು, ಈಗ ದುಬೈ

ಏಲಕ್ಕಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಇಲ್ಲಿ ಲುಲುವಿನಂಥ ದೊಡ್ಡ ಅಂಗಡಿಗಳಲ್ಲಿ ಏಲಕ್ಕಿಯನ್ನು ಗಾತ್ರ ನೋಡಿ ಬೇರೆ ಬೇರೆ ಇಡುತ್ತಾರೆ. ದಪ್ಪ ಹಸಿರು ಕಾಯಿಗೆ ಬೆಲೆ ಜಾಸ್ತಿ. ಅರಬರ ಕಾಫಿಗೆ ಅದು ಬೇಕು. ನಮ್ಮ ತಾತನ ಕಾಲದಲ್ಲಿ ಕೊಡಗಿನ ಏಲಕ್ಕಿ ಮಲೆಗಳಿಂದ ಎಷ್ಟು ಹೋಗುತ್ತಿತ್ತು ಅಂತ ಕಥೆ ಕೇಳುತ್ತಾ ಬೆಳೆದವನು ನಾನು. ಈಗ ಕೈಗೆತ್ತಿಕೊಂಡ ಪೊಟ್ಟಣದ ಮೇಲೆ ಗ್ವಾಟೆಮಾಲಾ ಅಂತ ಇರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಹೊರಗೆ ಕಳಿಸುವ ದೇಶ ಅದೇ. ಪಶ್ಚಿಮ ಘಟ್ಟದ ಗಿಡ ಅಷ್ಟು ದೂರ ಹೋಗಿ ಅಲ್ಲಿಂದ ಇಲ್ಲಿಗೆ ಬರುತ್ತಿದೆ. ಸ್ವಲ್ಪ ಬೆಲೆ ಜಾಸ್ತಿಯಾದರೂ ನಾನು ಇಂಡಿಯಾದ್ದನ್ನೇ ಹುಡುಕಿ ತರುತ್ತೇನೆ.

ಪೊನ್ನಂಪೇಟೆ ಅಡುಗೆಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳೆಗಾರ ಅಣ್ಣ, ಲೇಬಲ್ ಬಗ್ಗೆ ಹೇಳಿದ್ದು ಮನಸ್ಸಿಗೆ ಹಿಡಿಸಿತು. ಈ ಮಳೆಗಾಲದ ಕಾಚಂಪುಳಿಗೆ ಊರು, ತಿಂಗಳು ಎರಡನ್ನೂ ಹಾಕಿಸುತ್ತೇನೆ. ಮರ ಇರುವುದು ನಮ್ಮ ಅತ್ತೆಯ ತವರಿನಲ್ಲಿ, ಅವರಿಗೂ ಖುಷಿಯಾಗುತ್ತದೆ. ಬೀಜ, ಗಿಡ ಖಂಡಿತ ತರುವುದಿಲ್ಲ. ವಿಯೆಟ್ನಾಂನಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ? ಕಣಿಲೆ ಅಲ್ಲಿ ಬಾಟಲಿಯಲ್ಲಿ ಸಿಗುತ್ತದೆ ಅಂತ ಕೇಳಿದ್ದೇನೆ, ನಿಜವಾ?

ಉತ್ತರ: ಸೋಮವಾರಪೇಟೆ

ಆಂಟಿ, ನಿಜ. ಕೆಲಸದ ಮೇಲೆ ಹೋ ಚಿ ಮಿನ್ ಸಿಟಿಯಲ್ಲಿ ಇದ್ದು ಬಂದವನು ನಾನು. ಕೋಆಪ್‌ಮಾರ್ಟ್, ವಿನ್‌ಮಾರ್ಟ್ ಎರಡೂ ಊರ ಒಳಗೇ ಬೇಕಾದಷ್ಟು ಕಡೆ ಇವೆ. ಹೋಟೆಲ್‌ನಿಂದ ನಡೆಯುವ ದೂರದಲ್ಲಿ ಒಂದಾದರೂ ಸಿಗಬಹುದು. ಟೂರ್‌ನವರು ಊಟ ಮುಗಿಸಿ ರೂಮಿಗೆ ಬಿಟ್ಟ ಮೇಲೆ ಹೋಗಿ ಬನ್ನಿ, ಯಾರನ್ನೂ ಕೇಳಬೇಕಾಗಿಲ್ಲ. ದೊಡ್ಡ ಅಂಗಡಿಗಳಲ್ಲಿ ಬಾಗಿಲ ಹತ್ತಿರ ಲಾಕರ್ ಇರುತ್ತದೆ, ಬ್ಯಾಗ್ ಅಲ್ಲಿಟ್ಟು ಒಳಗೆ ಹೋಗಬೇಕು. ಹಣ್ಣು, ತರಕಾರಿ ತೆಗೆದುಕೊಂಡರೆ ಆ ವಿಭಾಗದಲ್ಲೇ ತೂಕ ಮಾಡಿಸಿ ಸ್ಟಿಕ್ಕರ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಬಿಲ್ ಮಾಡುವಲ್ಲಿಂದ ಮತ್ತೆ ವಾಪಸ್ ಬರಬೇಕಾಗುತ್ತದೆ. ಫೋನಿನ ಕ್ಯಾಮೆರಾ ಹಿಡಿದರೆ ಲೇಬಲ್ ಇಂಗ್ಲಿಷ್‌ನಲ್ಲಿ ಓದಿಸುವ ಆ್ಯಪ್ ಮೊದಲೇ ಹಾಕಿಕೊಂಡಿರಿ.

ನಿಮ್ಮ ಕಣಿಲೆಗೆ ಅವರು ಮಾಂಗ್ ಅನ್ನುತ್ತಾರೆ. ತರಕಾರಿ ಕಡೆ ಬೇಯಿಸಿದ್ದು ಸಿಗುತ್ತದೆ, ದಿನಸಿ ಕಡೆ ಒಣಗಿಸಿದ್ದು. ನೀವು ನೋಡಲೇಬೇಕಾದ್ದು ಗಾಜಿನ ಬಾಟಲಿಯದು. ತೆಳ್ಳಗೆ ಉದ್ದುದ್ದ ಹೆಚ್ಚಿದ ಕಣಿಲೆ, ಇಡೀ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ವಿನೆಗರ್‌ನಲ್ಲಿ ಮುಳುಗಿರುತ್ತದೆ. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಹೊರಗಿನಿಂದಲೇ ಎಳೆ ಎಳೆ ಕಾಣುತ್ತದೆ. ನೂಡಲ್ಸ್ ಸೂಪಿಗೆ ಒಂದು ಚಮಚ ಹಾಕಿಕೊಳ್ಳುತ್ತಾರೆ. ನಮ್ಮ ಕಣಿಲೆಗೆ ಇದು ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅವತ್ತಿನಿಂದಲೂ ಅನ್ನಿಸುತ್ತಿದೆ, ಮಾಡುವವರು ಇರಲಿಲ್ಲ ಅಷ್ಟೇ.

ಫಿಶ್ ಸಾಸ್‌ಗೆ ಒಂದು ಇಡೀ ಸಾಲೇ ಇರುತ್ತದೆ. ಬಾಟಲಿ ಮೇಲೆ 30, 35, 40 ಅಂತ ನಂಬರ್ ನೋಡಿ. ಒಂದು ಲೀಟರ್‌ನಲ್ಲಿ ಎಷ್ಟು ಗ್ರಾಂ ಸಾರಜನಕ ಅನ್ನುವ ಲೆಕ್ಕ ಅದು. ನಂಬರ್ ಜಾಸ್ತಿ ಇದ್ದಷ್ಟು ಮೀನಿನ ಸಾರ ಜಾಸ್ತಿ. ಫು ಕ್ವಾಕ್ ದ್ವೀಪದ್ದಕ್ಕೆ ಹೆಸರು, ಪದಾರ್ಥಗಳಲ್ಲಿ ಬರೀ ಸಣ್ಣ ಮೀನು ಮತ್ತು ಉಪ್ಪು ಇದ್ದರೆ ಒಳ್ಳೆಯದು. ಅಕ್ಕಿ ಶ್ಯಾವಿಗೆ ಸಾಲಿನಲ್ಲೂ ಸ್ವಲ್ಪ ಹೊತ್ತು ನಿಲ್ಲಿ. ನಮ್ಮ ನೂಲ್‌ಪುಟ್ಟಿನಷ್ಟು ಸಣ್ಣ ಎಳೆಯಿಂದ ಹಿಡಿದು ಬೆರಳಗಲದ್ದರವರೆಗೂ ಇದೆ.

ತರುವಾಗ ಬಾಟಲಿಗಳನ್ನೆಲ್ಲ ಚೆಕ್-ಇನ್ ಸೂಟ್‌ಕೇಸ್‌ಗೇ ಹಾಕಿ. ಕೈಚೀಲದಲ್ಲಿ 100 ಮಿಲಿಗಿಂತ ಜಾಸ್ತಿ ಇರುವ ದ್ರವದ ಬಾಟಲಿ ಬಿಡುವುದಿಲ್ಲ. ಫಿಶ್ ಸಾಸ್ ತರುವ ಮುಂಚೆ ನಿಮ್ಮ ವಿಮಾನದವರನ್ನು ಒಮ್ಮೆ ಕೇಳಿ. ವಾಸನೆಯ ಕಾರಣಕ್ಕೆ ಕೆಲವರು ಸೂಟ್‌ಕೇಸ್‌ನಲ್ಲೂ ಒಪ್ಪುವುದಿಲ್ಲ. ಕಣಿಲೆ ಬಾಟಲಿಗೆ ತೊಂದರೆ ಇಲ್ಲ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಸೀರೆಗಳ ಮಧ್ಯೆ ಇಡಿ. ಆ ಬಾಟಲಿಯ ಫೋಟೋ ಇಲ್ಲಿ ಹಾಕುವುದಾದರೆ ಮುಚ್ಚಳದ ಒಳಭಾಗದ್ದೂ ಒಂದು ತೆಗೆಯಿರಿ ಆಂಟಿ. ವಿನೆಗರ್‌ಗೆ ತುಕ್ಕು ಹಿಡಿಯದಂಥ ಮುಚ್ಚಳ ಕುಶಾಲನಗರದಲ್ಲಿ ಎಲ್ಲಿ ಸಿಗುತ್ತದೆ ಅಂತ ನಾನು ವಿಚಾರಿಸುತ್ತೇನೆ.